ಎಲ್ಲಾ ಬರೋಬ್ಬರಿ ಐತ್ರೀ

ಹೊಳೆಯ ದಂಡೆಯ ಬಯಲಿನಲ್ಲಿ ನಾಟಕ ಕಂಪನಿಯೊಂದು ಬೀಡುಬಿಟ್ಟಿತ್ತು. ಸುತ್ತ ತಗಡಿನ ಗೋಡೆ, ಮೇಲೆ ತಾಡಪತ್ರಿ, ಒಳಗೆ ಕಟ್ಟಿಗೆಯ ರಂಗ. ಹಿಂದೆ ಒಂದು ಬೇವಿನ ಮರ.

ಆ ಮರದ ಕೆಳಗಿನ ಗುಡಿಸಲಲ್ಲಿ ಗದಿಗೆಯ್ಯ ಮಾಸ್ತರರು ಇರುತ್ತಿದ್ದರು. ಕಂಪನಿ ಕಟ್ಟಿದವರು ಅವರು. ಅಲ್ಲಿದ್ದವರಿಗೆಲ್ಲ ಮಾತು ಕಲಿಸಿದವರು, ಹಾಡು ಕಲಿಸಿದವರು, ಬಣ್ಣ ಹಚ್ಚಿಕೊಳ್ಳುವುದನ್ನು ಕಲಿಸಿದವರು ಅವರೇ. ಈಗ ಉಬ್ಬಸ ಹತ್ತಿತ್ತು. ಹಾರ್ಮೋನಿಯಮ್ಮಿನ ಕಾಲುಪೆಟಿಗೆ ತುಳಿಯಲು ಕೂತರೆ ಪೆಟಿಗೆಗಿಂತ ಮೊದಲು ಅವರ ಎದೆ ಕುಂಯ್‌ಗುಡುತ್ತಿತ್ತು.

ಒಂದು ಮುಂಜಾನೆ ಅವರು ಶಿಷ್ಯ ಅಡಿವೆಪ್ಪನನ್ನು ಕರೆದರು.

"ಇನ್ನ ಕಂಪನಿ ನೀ ನಡಸು."

ಅಡಿವೆಪ್ಪ ಒಂದು ಹೆಜ್ಜೆ ಹಿಂದೆ ಸರಿದ.

ಅವನು ರಾಜಾಪಾರ್ಟಿನವನು. ಒಂದು ಹೆಜ್ಜೆ ಮುಂದಿಟ್ಟು, ಕತ್ತಿಯ ಹಿಡಿಗೆ ಕೈಯಿಟ್ಟು ಅವನು ಗುಡುಗಿದರೆ ಹಿಂದಿನ ಸಾಲಿನ ಕೂಸುಗಳು ತಾಯಂದಿರ ಸೆರಗು ಹಿಡಿಯುತ್ತಿದ್ದವು. ಆದರೆ ಆ ರಾಜ ಮುಂದೇನು ಹೇಳಬೇಕೆಂಬುದನ್ನು ಯಾರೋ ಬರೆದಿಟ್ಟಿದ್ದರು. ಮಂತ್ರಿ ಏನು ಉತ್ತರ ಕೊಡಬೇಕೆಂಬುದೂ ಬರೆದಿತ್ತು. ಇಲ್ಲಿ ಎದುರಿನವರು ಏನು ಹೇಳುತ್ತಾರೋ ಯಾರಿಗೆ ಗೊತ್ತು?

"ಗುರುಗಳೇ, ನನಗ ನಡಸೂದು ಗೊತ್ತಿಲ್ರೀ."

"ಮತ್ತೇನು ಗೊತ್ತೈತಿ?"

"ರಾಜಾಪಾರ್ಟು. ಅಷ್ಟ."

"ಹಂಗಾರ ಅಲ್ಲಿಂದನ ಸುರು ಮಾಡ್ತಿ."

ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು ಮಾಸ್ತರರು ಮತ್ತೆ ಹೇಳಿದರು:

"ನಾ ಬ್ಯಾಡ ಅಂದ್ರೂ ಅಲ್ಲಿಂದನ ಸುರು ಮಾಡ್ತಿ."

ಅದು ಆಶೀರ್ವಾದವೋ ಎಚ್ಚರಿಕೆಯೋ ಅಡಿವೆಪ್ಪನಿಗೆ ತಿಳಿಯಲಿಲ್ಲ. ಕಾಲುಮುಟ್ಟಿ ಎದ್ದು ಬಂದ.

ಮರುದಿನ ಅವನು ಮೊದಲ ಸಲ ತಾಲೀಮಿಗೆ ಯಜಮಾನನಾಗಿ ನಿಂತ. ಮಂದಿ ಎಂದಿನಂತೆ ಚಹಾ ಕುಡಿಯುತ್ತ, ಹರಟುತ್ತ ಕೂತಿದ್ದರು. ಒಂದು ಹಾಡು ನಡೆದಾಗ ತಬಲಾದ ನಿಂಗೋಜಿ ಕೈ ನಿಲ್ಲಿಸಿ ಹೇಳಿದ:

"ಅಡಿವೆಪ್ಪಣ್ಣಾ, ಓಟ ಭಾಳ ಆತು. ಒಂಚೂರು ನಿಧಾನ ಇರಲಿ."

ಮೂಲೆಯಲ್ಲಿ ಯಾರೋ ಇಬ್ಬರು ಕಿಸಕ್ಕನೆ ನಕ್ಕರು. ಅವರು ನಕ್ಕದ್ದು ತಮ್ಮ ಮಾತಿಗೆ. ಅಡಿವೆಪ್ಪನಿಗೆ ಅದು ಗೊತ್ತಾಗಲಿಲ್ಲ. ಇವರಿಗೆ ತಿಳಿದುಹೋಗಿದೆ, ನನಗೇನೂ ಬರುವುದಿಲ್ಲ ಎಂದು ಇವರಿಗೆ ತಿಳಿದುಹೋಗಿದೆ, ಎಂದು ಅವನ ಹೊಟ್ಟೆಯೊಳಗೆ ಏನೋ ತಣ್ಣಗೆ ಹರಿದಾಡಿತು.

ಆಗ ಹೊಕ್ಕುಳಿನಿಂದ ಆ ದನಿ ಎದ್ದಿತು. ರಾಜನ ದನಿ.

"ಮುಚ್ಚು ಬಾಯಿ! ಇಲ್ಲೆ ಹೇಳಾಂವ ನಾನು. ಕೇಳಾಂವ ನೀನು!"

ತಗಡಿನ ಗೋಡೆಗಳು ಝಲ್ಲೆಂದವು. ಚಹಾದ ಕಪ್ಪು ಹಿಡಿದ ಕೈಗಳು ಹಾಗೆಯೇ ನಿಂತವು. ನಿಂಗೋಜಿ ಏನೋ ಹೇಳಲು ಹೋದ. ಅಡಿವೆಪ್ಪ ಇನ್ನೊಂದು ಸಲ ಗುಡುಗಿದ. ಅಂದು ಸಂಜೆಯೇ ನಿಂಗೋಜಿ ತಬಲಾ ಬಗಲಿಗೆ ಏರಿಸಿಕೊಂಡು ಬಸ್ಸು ಹಿಡಿದ.

ಅಡಿವೆಪ್ಪನ ಎದೆ ಹಗುರಾಯಿತು. ಬೆಳಗಿನಿಂದ ಅಲ್ಲಿ ಕೂತಿದ್ದ ಅಂಜಿಕೆ ಎದ್ದು ಹೋಗಿತ್ತು. ಎಲ್ಲಿಗೆ ಹೋಯಿತೆಂದು ಅವನು ನೋಡಲಿಲ್ಲ.

ಹೊಳೆಯ ಹತ್ತಿರ ಗುರುಗಳು ಕೂತಿದ್ದರು. ಅಡಿವೆಪ್ಪ ಹೋಗಿ ಸುದ್ದಿ ಹೇಳಿದ.

"ಈಗ ಎಲ್ಲಾರೂ ಸುಮ್ಮನಾಗ್ಯಾರ್ರೀ. ಹೇಳಿದ್ದು ಹೇಳಿದಂಗ ಮಾಡಾಕತ್ತಾರ."

ದಂಡೆಯ ಜೊಂಡಿನಲ್ಲಿ ಕಪ್ಪೆಗಳು ಒಂದೇ ಸಮನೆ ವಟಗುಟ್ಟುತ್ತಿದ್ದವು. ಮಾಸ್ತರರು ಕೇಳುತ್ತ ಕೂತರು. ಇದ್ದಕ್ಕಿದ್ದಂತೆ ಕಪ್ಪೆಗಳೆಲ್ಲ ಒಟ್ಟಿಗೆ ನಿಂತವು.

"ಯಾಕ ಸುಮ್ಮನಾದವು?" ಎಂದು ಮಾಸ್ತರರು ಕೇಳಿದರು.

"ಹಾವು ಬಂದಿರಬೇಕ್ರೀ."

ಮಾಸ್ತರರು ಕೋಲು ಊರಿ ಎದ್ದು ಹೋದರು.

ಅಡಿವೆಪ್ಪ ಅಲ್ಲಿಯೇ ಕೂತು ಯೋಚಿಸಿದ. ಹಾವು ಕಪ್ಪೆಗೆ ಅಂಜುವುದಿಲ್ಲ ಎಂದು ಗುರುಗಳು ಹೇಳಿಹೋದರು ಎಂದುಕೊಂಡ. ಆ ಹೊತ್ತಿನಲ್ಲಿ ಅದು ಅವನಿಗೆ ಸಮಾಧಾನದ ಮಾತಾಗಿಯೇ ಕಂಡಿತು.

ಆ ಸುಗ್ಗಿಯಲ್ಲಿ ಊರಿಗೆ ಟೆಂಟ್ ಸಿನಿಮಾ ಬಂದಿತು. ತೆರೆಯ ಮೇಲೆ ದೇವಿ ಆಕಾಶದಿಂದ ಹಾರಿ ಇಳಿಯುತ್ತಾಳಂತೆ, ಹೆಂಗಸರು ಆರತಿ ತಟ್ಟೆ ತೆಗೆದುಕೊಂಡು ಹೋಗುತ್ತಿದ್ದಾರಂತೆ ಎಂದು ಸುದ್ದಿಯಾಯಿತು. ಕಂಪನಿಯ ಕುರ್ಚಿಗಳು ದಿನದಿನಕ್ಕೆ ಬರಿದಾದವು. ಹಿಂದಿನ ಸಾಲಿನಲ್ಲಿ ನಾಯಿಗಳು ಬಂದು ಮಲಗತೊಡಗಿದವು.

ಅಡಿವೆಪ್ಪನಿಗೆ ನಿದ್ದೆ ಬರಲಿಲ್ಲ. ಗುರುಗಳು ಜನ್ಮವಿಡೀ ನಡೆಸಿದ ಕಂಪನಿ ತನ್ನ ಕೈಯಲ್ಲಿ ಮುಳುಗಿದರೆ?

ಮುಂಜಾನೆ ಎಲ್ಲರನ್ನೂ ಕರೆಸಿ ಹೇಳಿದ: "ನಮ್ಮ ದೇವೀನೂ ಆಕಾಶದಿಂದ ಇಳೀತಾಳ. ಖರೇ ಖರೇ ಇಳೀತಾಳ. ಸಿನಿಮಾದಾಗ ಇಳಿಯೂದು ನೆರಳು. ನಮ್ಮಲ್ಲಿ ಇಳಿಯೂದು ಜೀವ."

ರಂಗದ ನೆತ್ತಿಯ ಮೇಲೆ ಅಡ್ಡತೊಲೆ ಹಾಕಿಸಿದ. ತೊಲೆಗೆ ರಾಟೆ, ರಾಟೆಗೆ ಹಗ್ಗ, ಹಗ್ಗದ ತುದಿಗೆ ಕೂಡ್ರಲು ಒಂದು ಹಲಗೆ. ತೊಲೆ ಮರೆಯಾಗುವಂತೆ ಅದರ ಕೆಳಗೆ ಬಿಳಿ ಅರಳೆಯ ಮೋಡ. ದೇವಿಯ ಪಾತ್ರ ಶಾವಂತ್ರಿಗೆ. ಅವಳು ಕಂಪನಿಯ ಹಾಡುಗಾರ್ತಿ, ಇನ್ನೂ ಎಳೆಯ ವಯಸ್ಸು, ಗಟ್ಟಿಯಾಗಿ ಮಾತಾಡಿದವಳಲ್ಲ. ಹಗ್ಗ ಎಳೆಯುವ ಕೆಲಸ ಮೋದಿನಸಾಬನಿಗೆ. ಪಡದೆ ಎಳೆದು ಎಳೆದು ಅವನ ಅಂಗೈ ಕಟ್ಟಿಗೆಯಂತಾಗಿತ್ತು. ಹೆಂಡತಿ ಮಕ್ಕಳ ಸಮೇತ ಅವನು ಕಂಪನಿಯಲ್ಲಿಯೇ ಇದ್ದವನು.

ಊರೂರಿಗೆ ಹ್ಯಾಂಡಬಿಲ್ಲು ಹೋದವು. ಆಕಾಶದಿಂದ ಇಳಿಯುವ ದೇವಿ. ಕಣ್ಣಾರೆ ನೋಡಿರಿ.

ಮೊದಲ ತಾಲೀಮಿನ ದಿನ ಶಾವಂತ್ರಿಯನ್ನು ಎಳೆದು ಮೇಲೆ ಒಯ್ದು ಇಳಿಸಿದರು. ಇಳಿದಾಗ ಅವಳ ತುಟಿ ಬೆಳ್ಳಗಾಗಿತ್ತು.

"ಅಣ್ಣಾರ, ಮ್ಯಾಲೆ ಕುಂತಾಗ ಏನೋ ಕರ್ ಅಂತೈತ್ರೀ."

ಎಲ್ಲರೂ ಅಡಿವೆಪ್ಪನ ಮುಖ ನೋಡಿದರು. ಅವನಿಗೂ ಅಂಜಿಕೆಯಾಯಿತು. ಪ್ರಯೋಗದ ದಿನ ಹತ್ತಿರ ಬಂದಿತ್ತು. ಏನಾದರೂ ಕೆಟ್ಟಿದೆ ಎಂಬ ಮಾತನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ. ಕೇಳದೆ ಇರಲು ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ.

"ದೇವಿಯಾಗಿ ಅಂಜತೀಯೇನು? ಅಂಜೂ ದೇವಿಗೆ ಯಾರು ಕೈ ಮುಗೀತಾರ? ಹೋಗಿ ಅಡಗೀ ಮನ್ಯಾಗ ಕುಂಡ್ರು ಹಂಗಾರ!"

ಸುತ್ತಲಿದ್ದವರು ನಕ್ಕರು. ತಾವು ನಗಲೆಂದು ಅಡಿವೆಪ್ಪ ಕಾಯುತ್ತಿದ್ದಾನೆ ಎಂದು ಅವರಿಗೆ ಅನಿಸಿತ್ತು. ಶಾವಂತ್ರಿ ತಲೆ ತಗ್ಗಿಸಿದಳು. ಆಮೇಲೆ ಅವಳು ಆ ಸಪ್ಪಳದ ಮಾತೆತ್ತಲಿಲ್ಲ.

ಕೆಲವು ದಿನ ಕಳೆದವು.

ಒಂದು ಮಧ್ಯಾಹ್ನ ಅಡಿವೆಪ್ಪ ಖಾಲಿ ಕುರ್ಚಿಗಳ ನಡುವೆ ಕೂತು ಮಂದಿ ಓಡಾಡುವುದನ್ನು ನೋಡುತ್ತಿದ್ದ. ಅಡಿಗೆಯವಳು ನೀರಿನ ಕೊಡ ಹೊತ್ತು ರಂಗ ದಾಟಿದಳು. ನೇರ ದಾಟಲಿಲ್ಲ. ನಡುವಿನ ಹತ್ತಿರ ಬಂದು, ಸುತ್ತು ಹಾಕಿ, ಹಿಂದಿನ ಪಡದೆಗೆ ಅಂಟಿಕೊಂಡು ಹೋದಳು. ಆಮೇಲೆ ಖಳನ ಪಾತ್ರದವನು ಬಂದ. ಅವನೂ ಸುತ್ತು ಹಾಕಿದ. ಮೋದಿನಸಾಬನ ಮಗಳು ಓಡುತ್ತ ಬಂದಳು. ಅವಳ ತಾಯಿ ಓಡಿಹೋಗಿ ಅವಳ ರಟ್ಟೆ ಹಿಡಿದು ಆಚೆಗೆ ಎಳೆದಳು.

ರಂಗದ ನಟ್ಟನಡುವೆ ಒಂದು ಜಾಗವಿತ್ತು. ಅಲ್ಲಿ ಯಾರೂ ಕಾಲಿಡುತ್ತಿರಲಿಲ್ಲ.

ಅಡಿವೆಪ್ಪ ಕುರ್ಚಿಯಿಂದ ಎದ್ದ.

"ಮೋದಿನಸಾಬ, ಇಲ್ಲಿ ಬಾ. ಅಲ್ಲೇನೈತಿ?"

"ಎಲ್ಲಿ ರೀ?"

"ಆ ನಡುವ. ಯಾರೂ ಅಲ್ಲಿ ಹಾಯವಲ್ರು."

ಮೋದಿನಸಾಬ ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. ಒರೆಸಿಕೊಳ್ಳುತ್ತಲೇ ಇದ್ದ.

"ಏನಿಲ್ರೀ ಅಣ್ಣಾರ. ಎಲ್ಲಾ ಬರೋಬ್ಬರಿ ಐತ್ರೀ."

ಅಡಿವೆಪ್ಪ ಅಡಿಗೆಯವಳನ್ನು ಕೇಳಿದ. ಬರೋಬ್ಬರಿ ಐತ್ರೀ. ಖಳನನ್ನು ಕೇಳಿದ. ಎಲ್ಲಾ ಬರೋಬ್ಬರಿ ಐತ್ರೀ. ಬಣ್ಣದವನನ್ನು ಕೇಳಿದ, ಕಾವಲಿನವನನ್ನು ಕೇಳಿದ. ಎಲ್ಲರ ಬಾಯಲ್ಲೂ ಅದೇ ಮಾತು. ಹೇಳುವಾಗ ಎಲ್ಲರ ಕಣ್ಣೂ ನೆಲ ನೋಡುತ್ತಿದ್ದವು.

ಅವನು ದನಿ ತಗ್ಗಿಸಿ ಕೇಳಿ ನೋಡಿದ. ಆಗ ಅವರು ಇನ್ನಷ್ಟು ಅಂಜಿದರು. ಏರಿಸಿ ಕೇಳಿದ. ನಾಲಿಗೆಗಳು ಇನ್ನಷ್ಟು ಒಳಗೆ ಸರಿದವು.

ಅಂದಿನಿಂದ ಆ ಮಾತೇ ಅವನನ್ನು ಅಂಜಿಸತೊಡಗಿತು. ದೀಪ ಬರೋಬ್ಬರಿ. ಪಡದೆ ಬರೋಬ್ಬರಿ. ಹಗ್ಗ ಬರೋಬ್ಬರಿ. ಊಟ ಬಡಿಸಿದರೆ ಅನ್ನವನ್ನು ಬೆರಳಿನಿಂದ ಕೆದಕಿ ನೋಡಿದ. ಬಣ್ಣ ಹಚ್ಚುವವನು ಗದ್ದ ಹಿಡಿದರೆ ಬೆಚ್ಚಿಬಿದ್ದ. ಅವನು ಬಂದರೆ ಗುಸುಗುಸು ನಿಲ್ಲುತ್ತಿತ್ತು. ಅವನು ಆಚೆ ಹೋದರೆ ಮತ್ತೆ ಸುರುವಾಗುತ್ತಿತ್ತು. ಏನೋ ಇದೆ. ಎಲ್ಲರಿಗೂ ಗೊತ್ತಿದೆ. ನನ್ನೊಬ್ಬನಿಗೆ ಗೊತ್ತಿಲ್ಲ.

ಪ್ರಯೋಗದ ದಿನ ಬಂದಿತು.

ಬೆಳಿಗ್ಗೆ ಅಡಿಗೆಮನೆಯ ಹಿಂದೆ ಶಾವಂತ್ರಿ ನಿಂತಿದ್ದಳು. ಮೂಗಿನಲ್ಲಿದ್ದ ಬಂಗಾರದ ನತ್ತನ್ನು ಬಿಚ್ಚಿ, ಅರಿವೆಯ ತುಂಡಿನಲ್ಲಿ ಗಂಟುಹಾಕಿ ಅಡಿಗೆಯವಳ ಕೈಯಲ್ಲಿ ಇಡುತ್ತಿದ್ದಳು.

"ನಮ್ಮವ್ವಗ ಮುಟ್ಟಸವಾ. ಅಕಿ ಕೊಡಸಿದ್ದು."

ಅಡಿವೆಪ್ಪ ಗೋಡೆಯ ಈಚೆಗೆ ನಿಂತು ಅದನ್ನು ಕೇಳಿದ.

"ಯಾಕ ಶಾವಂತ್ರಿ? ನತ್ತು ಯಾಕ ಕಳಸಾಕತ್ತಿ?"

ಅವಳು ಬೆಚ್ಚಿ ತಿರುಗಿದಳು. ಸೆರಗು ಮೂಗಿಗೆ ಹಿಡಿದಳು.

"ಎಲ್ಲೆರ ಕಳೀತೈತಿ ಅಂತ, ಅಣ್ಣಾರ."

"ಖರೇ ಹೇಳು. ಏನಾಗೈತಿ?"

"ಏನಿಲ್ರೀ," ಎಂದಳು ಶಾವಂತ್ರಿ. "ಎಲ್ಲಾ ಬರೋಬ್ಬರಿ ಐತ್ರೀ."

ಅಡಿವೆಪ್ಪ ಬೇವಿನ ಮರದ ಕಡೆ ಓಡಿದ.

ಗುರುಗಳು ಎಲೆಯ ಮೇಲೆ ಕಷಾಯದ ಬೇರು ಒಣಹಾಕುತ್ತಿದ್ದರು. ಅಡಿವೆಪ್ಪ ಅವರ ಮುಂದೆ ಕುಕ್ಕರಿಸಿದ.

"ಗುರುಗಳೇ, ಇವರೆಲ್ಲಾ ಏನೋ ಮುಚ್ಚಿಡಾಕತ್ತಾರ್ರೀ. ನನ್ನ ಏನೋ ಮಾಡ್ತಾರ. ನನಗ ಇವರನ್ನ ಕಂಡ್ರ ಅಂಜಿಕಿ ಬರಾಕತ್ತೈತಿ."

"ಅವರೂ ಹಂಗ ಅಂತಿರಬೇಕು."

"ಅವರಿಗೇನ್ರೀ ಅಂಜಿಕಿ? ಅವರಿಗೆ ಎಲ್ಲಾ ಗೊತ್ತೈತಿ. ಗೊತ್ತಿಲ್ಲದಾಂವ ನಾನು."

ಮಾಸ್ತರರು ಬೇರು ಒಣಹಾಕುವುದನ್ನು ನಿಲ್ಲಿಸಿದರು. ಆಮೇಲೆ ಕೋಲು ಹುಡುಕಿದರು.

"ಏಳು. ನಡಿ."

ಬಹಳ ದಿನಗಳಿಂದ ಅವರು ಥೇಟರಿನೊಳಗೆ ಕಾಲಿಟ್ಟಿರಲಿಲ್ಲ. ಅವರನ್ನು ಕಂಡು ಕೆಲಸ ಮಾಡುತ್ತಿದ್ದವರೆಲ್ಲ ಎದ್ದು ನಿಂತರು. ಮಾಸ್ತರರು ಮೆಟ್ಟಿಲು ಹತ್ತಿದರು, ಉಸಿರಿಗೆ ನಿಂತರು, ಮತ್ತೆ ಹತ್ತಿದರು. ರಂಗದ ಮೇಲೆ ನೇರ ನಡೆದು, ಯಾರೂ ಕಾಲಿಡದ ಆ ಜಾಗಕ್ಕೆ ಹೋಗಿ ನಿಂತರು. ಸಂಜೆಯ ಪ್ರಯೋಗಕ್ಕೆಂದು ಇಳಿಸಿದ ಹಗ್ಗದ ಹಲಗೆ ಅಲ್ಲಿ ತೂಗುತ್ತಿತ್ತು. ಅದರ ಮೇಲೆ ಕೂತರು.

"ಮೋದಿನಸಾಬ, ಎಳಿಯಪಾ."

ಮೋದಿನಸಾಬ ಕದಲಲಿಲ್ಲ.

"ಎಳಿ. ದೇವಿ ಇಳಿಯೂದು ಹೆಂಗ ಅಂತ ನಾನೂ ನೋಡ್ತೀನಿ."

"ನಿಮ್ಮನ್ನಲ್ರೀ ಅಜ್ಜಾರ," ಎಂದ ಮೋದಿನಸಾಬ. "ನಿಮ್ಮನ್ನ ನಾ ಎಳ್ಯಾಂಗಿಲ್ಲ."

"ಸಂಜೀಕ ಶಾವಂತ್ರಿನ್ನ ಎಳೀತಿದ್ದೆಲ್ಲ?"

ಮೋದಿನಸಾಬ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಅಡಿವೆಪ್ಪ ಮುಂದೆ ಬಂದು ಕೈಮುಗಿದ. "ಗುರುಗಳೇ, ಏಳ್ರಿ. ಅಲ್ಲೇನೋ ಐತಿ. ಏಳ್ರಿ, ನಿಮ್ಮ ಕಾಲು ಬೀಳ್ತೀನಿ."

"ಏನೈತಿ?"

"ಗೊತ್ತಿಲ್ರೀ!"

"ಗೊತ್ತಿಲ್ಲದ ಮ್ಯಾಲೆ ಯಾರರ ಕುಂತ ನೋಡಬೇಕಲ್ಲ," ಎಂದರು ಮಾಸ್ತರರು. "ನಾ ಏಳ್ತೀನಿ. ನೀ ಕುಂಡ್ರು."

ಹಲಗೆ ಖಾಲಿಯಾಯಿತು. ಅದು ಮೆಲ್ಲಗೆ ಹಿಂದೆ ಮುಂದೆ ತೂಗಿತು.

ಅಡಿವೆಪ್ಪ ಜನ್ಮದಲ್ಲಿ ಒಂದು ಮರ ಹತ್ತಿದವನಲ್ಲ. ಬಾವಿಯ ಕಟ್ಟೆಯ ಮೇಲೆ ಕೂತರೂ ಅವನ ಅಂಗಾಲು ಜುಮ್ಮೆನ್ನುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಸುತ್ತ ನಿಂತವರನ್ನು ನೋಡಿದ. ಕೂಡ್ರದಿದ್ದರೆ ಇವರ ಮುಂದೆ ಇನ್ನು ತಲೆ ಎತ್ತುವಂತಿಲ್ಲ ಎನಿಸಿತು. ಕೂತ. ಎರಡೂ ಹಗ್ಗಗಳನ್ನು ಬಿಗಿಯಾಗಿ ಹಿಡಿದ.

"ಎಳಿಯಪಾ," ಎಂದರು ಮಾಸ್ತರರು.

ಈ ಸಲ ಮೋದಿನಸಾಬ ಹಗ್ಗ ಹಿಡಿದ. ಅವನ ಕೈ ನಡುಗುವುದು ಹಗ್ಗದಲ್ಲಿ ಇಳಿದು ಅಡಿವೆಪ್ಪನ ಕೈಗೆ ಬಂದಿತು. ರಾಟೆ ತಿರುಗಿತು. ಕಾಲು ನೆಲ ಬಿಟ್ಟಿತು.

ಕರ್.

ಎಲ್ಲಿಂದ ಬಂದಿತು? ಅವನು ತಲೆ ಎತ್ತಿ ನೋಡಿದ. ಅರಳೆಯ ಮೋಡ ಅಡ್ಡವಾಗಿತ್ತು, ಏನೂ ಕಾಣಲಿಲ್ಲ.

ಇನ್ನಷ್ಟು ಮೇಲೆ. ಒಂದಾಳಿನ ಎತ್ತರ ದಾಟಿತು. ಕರ್, ಕರ್ ಎಂದಿತು. ಯಾರೋ ಬಾಗಿಲನ್ನು ಮೆಲ್ಲಗೆ ತೆರೆದಂತಿತ್ತು.

ಅವನು ಕೆಳಗೆ ನೋಡಿದ. ಎಲ್ಲರೂ ತಲೆ ಎತ್ತಿದ್ದರು. ಆದರೆ ಅವನನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅವನ ತಲೆಯ ಮೇಲೆ, ಇನ್ನೂ ಮೇಲೆ, ಏನನ್ನೋ ನೋಡುತ್ತಿದ್ದವು.

ಆಗ ಅವನಿಗೆ ಖರೇ ಅಂಜಿಕೆ ಬಂದಿತು. ಇವರು ಹೀಗೆಯೇ ನಿಂತಿರುತ್ತಾರೆ. ನಾನು ಸಾಯುವತನಕ ನಿಂತಿರುತ್ತಾರೆ. ಯಾರ ಮುಖದಲ್ಲಿಯೂ ಸೇಡು ಇರಲಿಲ್ಲ. ಸೇಡಾದರೂ ಇದ್ದಿದ್ದರೆ ಚೆನ್ನಾಗಿತ್ತು. ಇದ್ದದ್ದು ಬರೇ ಅಂಜಿಕೆ. ಅದು ಅವನೇ ಕೊಟ್ಟದ್ದು.

ಗುಡುಗಬೇಕೆಂದು ಬಾಯಿ ತೆರೆದ. ಹೊಕ್ಕುಳಿನಿಂದ ಏನೂ ಏಳಲಿಲ್ಲ. ಬಂದದ್ದು ಗಂಟಲಿನ ದನಿ, ತೆಳ್ಳಗಿನದು. ಅವನಿಗೇ ಗುರುತು ಹತ್ತಲಿಲ್ಲ.

"ಶಾವಂತ್ರಿ... ತಂಗೀ... ಮ್ಯಾಲೆ ಏನೈತಿ? ನನಗ ಕಾಣವಲ್ದು."

ಶಾವಂತ್ರಿಯ ಬಾಯಿ ಎರಡು ಸಲ ತೆರೆದು ಮುಚ್ಚಿತು.

"ತೊಲಿ ಸೀಳೈತಿ, ಅಣ್ಣಾ!" ಎಂದು ಚೀರಿದಳು. "ತೊಲಿ ಸೀಳೈತಿ! ಇಳಸ್ರಿ ಅಂವನ್ನ! ಮೋದಿನಣ್ಣಾ, ಸಾವಕಾಶ, ಸಾವಕಾಶ ಇಳಸು!"

ಒಬ್ಬರ ಬಾಯಿ ತೆರೆದದ್ದೇ ಎಲ್ಲರ ಬಾಯೂ ತೆರೆಯಿತು. ಹಗ್ಗಕ್ಕೆ ಇನ್ನಿಬ್ಬರು ಕೈ ಹಾಕಿದರು. ಅಡಿಗೆಯವಳು ಅಲ್ಲಾಡಬ್ಯಾಡೋ, ಅಲ್ಲಾಡಬ್ಯಾಡೋ ಎಂದು ಅರಚಿದಳು. ಗೇಣು ಗೇಣಾಗಿ ಹಲಗೆ ಇಳಿಯಿತು. ಕಾಲು ನೆಲ ಮುಟ್ಟಿದಾಗ ಅಡಿವೆಪ್ಪನಿಗೆ ನಿಲ್ಲಲಾಗಲಿಲ್ಲ. ಅಂಬೆಗಾಲಿಟ್ಟು ಪಕ್ಕಕ್ಕೆ ಸರಿದ.

ಮಾಸ್ತರರು ಎಲ್ಲರನ್ನೂ ದೂರ ನಿಲ್ಲಿಸಿದರು. ಹಲಗೆಯ ಮೇಲೆ ಉಸುಕಿನ ಚೀಲ ಕಟ್ಟಿಸಿದರು. ಹಗ್ಗದ ತುದಿಯನ್ನು ಹೊರಗಿನಿಂದ ಎಳೆಸಿದರು.

ಚೀಲ ಮೇಲಕ್ಕೆ ಹೋಯಿತು. ಅರಳೆಯ ಮೋಡದವರೆಗೂ ಹೋಗಲಿಲ್ಲ. ಸಿಡಿಲು ಬಡಿದಂತೆ ಸದ್ದಾಯಿತು. ತೊಲೆ ಎರಡು ಹೋಳಾಗಿ ಬಂದು ಬಿದ್ದು, ರಂಗದ ಹಲಗೆಗಳನ್ನು ಸೀಳಿಕೊಂಡು ನೆಲಕ್ಕೆ ನಟ್ಟಿತು.

ಧೂಳು ಇಳಿಯಿತು.

ಮೋದಿನಸಾಬ ಅಡಿವೆಪ್ಪನ ಮುಂದೆ ಬಂದು ಕೂತ.

"ಮೊದಲ ದಿನಾನ ಸೀಳಿತ್ರೀ. ಹೇಳಬೇಕಂತ ನಿಮ್ಮ ಬಾಗಲತನಾ ಬಂದಿದ್ದೆ. ಒಳಗ ನೀವು ಯಾರಿಗೋ ಒದರಾಕತ್ತಿದ್ರಿ. ನಿಂಗೋಜಿ ನೆಪ್ಪಾದ. ಹೇಣ್ತಿ ಮಕ್ಕಳು ನೆಪ್ಪಾದ್ರು. ತಿರಿಗಿ ಹ್ವಾದೆ. ಸೀಳಿಗೆ ಹಗ್ಗಾ ಸುತ್ತಿ, ಮ್ಯಾಲೆ ಕರೀ ಅರಿವಿ ಹೊಚ್ಚಿದೆ. ಉಳಿದವರಿಗೆ ಅಷ್ಟ ಹೇಳಿ, ಕೆಳಗ ಹಾಯಬ್ಯಾಡ್ರಿ ಅಂದೆ. ದಿನಾ ಅಲ್ಲಾಗ ಬೇಡಕೋತಿದ್ದೆ."

"ಶಾವಂತ್ರಿಗೆ ಗೊತ್ತಿತ್ತೇನು?"

"ಅಕಿ ಮ್ಯಾಲೆ ಕುಂತಾಗ ಕಣ್ಣೆದುರಿಗೆ ಅದ ಇರ್ತಿತ್ತಲ್ರೀ."

ಅಡಿವೆಪ್ಪನಿಗೆ ಸಿಟ್ಟು ಉಕ್ಕಿತು. ಗೊತ್ತಿದ್ದೂ ಹೇಳಲಿಲ್ಲ, ಎಲ್ಲರೂ ಸೇರಿ! ಆ ದನಿ ಮತ್ತೆ ಹೊಕ್ಕುಳಿನಿಂದ ಎದ್ದು ಎದೆಯವರೆಗೆ ಬಂದಿತು. ಅಷ್ಟರಲ್ಲಿ ಶಾವಂತ್ರಿಯ ಬರಿದಾದ ಮೂಗು ಕಣ್ಣಿಗೆ ಬಿತ್ತು. ನತ್ತು ಇದ್ದ ಕಡೆ ಒಂದು ಸಣ್ಣ ತೂತು ಮಾತ್ರ ಉಳಿದಿತ್ತು.

ದನಿ ಅಲ್ಲಿಯೇ ನಿಂತಿತು.

ಎಲ್ಲರೂ ಚದುರಿದ ಮೇಲೆ ಅವನು ಗುರುಗಳನ್ನು ಕೇಳಿದ:

"ತೊಲಿ ಸೀಳಿದ್ದು ನಿಮಗ ಗೊತ್ತಿತ್ತೇನ್ರೀ?"

"ಇಲ್ಲ."

"ಹಂಗಾರ ಯಾಕ ಕುಂತ್ರಿ? ಕೇಳಿದ್ರ ನಿಮಗ ಹೇಳ್ತಿದ್ರು."

"ನನಗ ಯಾಕ ಹೇಳ್ತಾರೋ?" ಎಂದರು ಮಾಸ್ತರರು. ಅವರ ಮುಖ ಬಾಡಿತ್ತು. "ಆ ದನಿ ನಿನಗ ಕಲಿಸಿದವರು ಯಾರು?"

ಸಂಜೆ ಥೇಟರಿನ ಮುಂದೆ ಜನಜಾತ್ರೆ. ಸುತ್ತಲಿನ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಹೆಂಗಸರ ಕೈಯಲ್ಲಿ ಆರತಿ ತಟ್ಟೆ, ಹೂವು, ಕಾಯಿ. ಅಡಿವೆಪ್ಪ ಪಡದೆಯ ಸಂದಿನಿಂದ ನೋಡಿ, ಗುರುಗಳ ಕಡೆ ತಿರುಗಿದ.

"ಏನು ಹೇಳಲ್ರೀ ಗುರುಗಳೇ? ಕುರ್ಚಿ ಮುರೀತಾರ. ಬೆಂಕಿ ಹಚ್ಚತಾರ."

"ಹಚ್ಚಬಹುದು."

"ಕಿರೀಟ ಹಾಕ್ಕೊಂಡು ಹೋಗಿ ಹೇಳ್ಲ್ಯಾ? ರಾಜಾ ಬಂದು ಹೇಳಿದಂಗ ಹೇಳಿದ್ರ..."

ಮಾಸ್ತರರು ಅವನ ಕೈಯಲ್ಲಿದ್ದ ಕಿರೀಟವನ್ನು ಇಸಿದುಕೊಂಡು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

ಅಡಿವೆಪ್ಪ ಬಣ್ಣವಿಲ್ಲದ ಮುಖದಲ್ಲಿ, ಮಾಸಿದ ಅಂಗಿಯಲ್ಲಿ ಪಡದೆಯ ಮುಂದೆ ಬಂದ. ಜನ ಯಾರೋ ಕೆಲಸದವನು ಬಂದ ಎಂದುಕೊಂಡರು.

"ಅಕ್ಕಾರ, ಅಣ್ಣಾರ, ತೊಲಿ ಮುರದೈತ್ರೀ. ಇವತ್ತ ದೇವಿ ಆಕಾಶದಿಂದ ಇಳಿಯಾಂಗಿಲ್ಲ. ನಡಕೊಂಡ ಬರ್ತಾಳ. ತಪ್ಪು ನಂದು. ತೊಲಿ ಚಲೋ ಐತೇನು ಅಂತ ನಾ ಕೇಳಿದ್ದಿಲ್ಲ. ಹೇಳಾಕ ಬಂದವರಿಗೆ ಬಾಯಿ ಬಿಡಗೊಟ್ಟಿದ್ದಿಲ್ಲ."

ಕೂಗಾಟ ಸುರುವಾಯಿತು. ಒಂದು ಚಪ್ಪಲಿ ಬಂದು ಅವನ ಭುಜಕ್ಕೆ ಬಡಿಯಿತು. ಮುಂದಿನ ಸಾಲಿನ ಕುರ್ಚಿಗಳು ಮುರಿದವು. ಮೋಸಗಾರರು, ಸಿನಿಮಾನೇ ಚಲೋ ಎಂದು ಬೈಯುತ್ತ ಅರ್ಧಕ್ಕೂ ಹೆಚ್ಚು ಮಂದಿ ಎದ್ದು ಹೋದರು. ಗುಡುಗಿದ್ದರೆ ಬಹುಶಃ ನಾಲ್ಕು ಮಂದಿ ಕೂಡ್ರುತ್ತಿದ್ದರು. ಅಡಿವೆಪ್ಪ ಗುಡುಗಲಿಲ್ಲ. ಕೈಮುಗಿದು, ಕೂಗಾಟ ತೀರುವವರೆಗೆ ನಿಂತ.

ಉಳಿದವರಿಗಾಗಿ ನಾಟಕ ನಡೆಯಿತು. ಶಾವಂತ್ರಿ ಬರಿಗಾಲಲ್ಲಿ, ಮುರಿದ ಹಲಗೆಗಳನ್ನು ದಾಟಿಕೊಂಡು ನಡೆದು ಬಂದಳು. ಒಂದೆರಡು ಆರತಿ ಬೆಳಗಿದವು. ಮಿಕ್ಕ ಹೂವುಗಳನ್ನು ಹೆಂಗಸರು ಮನೆಗೆ ತೆಗೆದುಕೊಂಡು ಹೋದರು.

ಆ ಊರಿನಲ್ಲಿ ಕಂಪನಿಗೆ ಮತ್ತೆ ಜನ ಸೇರಲಿಲ್ಲ. ತಗಡು ಬಿಚ್ಚಿ, ಹೊಳೆ ದಾಟಿ, ಇನ್ನೊಂದು ಸಣ್ಣ ಊರಿಗೆ ಹೋದರು. ನಡುವೆ ಅಡಿವೆಪ್ಪ ನಿಂಗೋಜಿಯ ಊರಿಗೂ ಹೋಗಿಬಂದ. ನಿಂಗೋಜಿ ಒಳಗೆ ಕರೆದು ಚಹಾ ಕೊಟ್ಟ, ಮಾತು ಕೇಳಿದ, ಬಸ್ ಸ್ಟ್ಯಾಂಡಿನವರೆಗೆ ಬಂದು ಬೀಳ್ಕೊಟ್ಟ. ಕಂಪನಿಗೆ ಮಾತ್ರ ಬರಲಿಲ್ಲ.

ಅಡಿವೆಪ್ಪ ಗುಡುಗುವುದನ್ನು ಬಿಟ್ಟಿದ್ದ. ರಾಜನ ಪಾತ್ರದಲ್ಲಷ್ಟೇ ಗುಡುಗುತ್ತಿದ್ದ. ಆದರೂ ಅವನು ಬಂದರೆ ಮಂದಿಯ ಮಾತು ತಗ್ಗುತ್ತಿತ್ತು. ಏನು ಕೇಳಿದರೂ ಬಾಯಿಗೆ ಮೊದಲು ಬರುವ ಮಾತು ಅದೇ, ಬರೋಬ್ಬರಿ ಐತ್ರೀ.

ಹೊಸ ಊರಿನಲ್ಲಿ ಒಂದು ಮುಂಜಾನೆ ಗುರು ಶಿಷ್ಯರು ಚಾಪೆಯ ಮೇಲೆ ಕೂತಿದ್ದರು. ಗುರುಗಳ ಉಬ್ಬಸ ಹೆಚ್ಚಾಗಿತ್ತು. ಅಡಿವೆಪ್ಪ ಅವರ ಬೆನ್ನು ನೀವುತ್ತಿದ್ದ.

"ನಾ ಬದಲಾಗೀನ್ರೀ. ಅವರು ನಂಬವಲ್ರು. ಈ ಅಂಜಿಕಿ ಎಂದ ಹೋಗ್ತೈತ್ರೀ?"

ಮಾಸ್ತರರು ಥೇಟರಿನ ಕಡೆ ನೋಡುತ್ತಿದ್ದರು.

ಅತ್ತಲಿಂದ ಮೋದಿನಸಾಬ ಬರುತ್ತಿದ್ದ. ನಾಲ್ಕು ಹೆಜ್ಜೆ ಬಂದು ನಿಲ್ಲುತ್ತಿದ್ದ. ಮತ್ತೆ ಬರುತ್ತಿದ್ದ. ಚಾಪೆಯಿಂದ ಸ್ವಲ್ಪ ದೂರದಲ್ಲಿ ನಿಂತುಬಿಟ್ಟ. ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಕೈಯಲ್ಲಿ ಹಿಂಡಿದ.

"ಅಣ್ಣಾರ," ಎಂದ. "ಒಂದು ಕೆಲಸ ಕೆಟ್ಟೈತ್ರೀ. ನನ್ನ ಕೈಯಿಂದನ ಕೆಟ್ಟೈತಿ."

ಅಡಿವೆಪ್ಪನ ಹೊಟ್ಟೆಯಲ್ಲಿ ಹಳೆಯ ತಣ್ಣನೆಯದು ಹರಿಯಿತು. ಏನು ಕೆಟ್ಟಿತೋ? ಎಷ್ಟು ಕೆಟ್ಟಿತೋ? ಈ ಊರೂ ಹೋಯಿತೋ? ಹೊಕ್ಕುಳಿನಿಂದ ಆ ದನಿ ಎದ್ದು ಗಂಟಲಿಗೆ ಬಂದು ನಿಂತಿತು. ಮೋದಿನಸಾಬ ಅದನ್ನು ಅವನ ಮುಖದಲ್ಲಿ ಕಂಡು ಒಂದು ಹೆಜ್ಜೆ ಹಿಂದೆ ಇಟ್ಟ.

ಮಾಸ್ತರರು ಶಿಷ್ಯನ ಮೊಣಕಾಲಿನ ಮೇಲೆ ಕೈ ಇಟ್ಟರು.

"ಸ್ವಲ್ಪ ಸರಿಯೋ ಅಡಿವೆಪ್ಪಾ. ಅಂವಗ ಕುಂಡ್ರಾಕ ಜಾಗಾ ಬೇಕು."